ದುಬಾರಿ ಗೊಂಬೆಗಳ ಅಗ್ಗದ ಕೊರತೆ

ಸಾವಿರಾರು ರೂಪಾಯಿ ಬೆಲೆಯ ‘ಆಕ್ಷನ್ ಫಿಗರ್’ ಗೊಂಬೆಗಳು ಮೊದಲಿನಂತೆ ಮಾರುಕಟ್ಟೆಗೆ ಬಂದ ಗಳಿಗೆಯಲ್ಲೇ ಖಾಲಿಯಾಗುತ್ತಿಲ್ಲ ಎಂಬುದು ಜಾಗತಿಕ ಆಟಿಕೆ ವ್ಯಾಪಾರದ ಇತ್ತೀಚಿನ ಅಳಲು. ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ ಕುಳಿತು ಈ ಅಳಲನ್ನು ಕೇಳಿದವರಿಗೆ ನಗು ಬಂದೀತು. ಭದ್ರಾ ನಾಲೆಯ ನೀರು ಕೊನೆಯ ಗದ್ದೆಗೆ ತಲುಪೀತೋ ಇಲ್ಲವೋ ಎಂದು ಬೇಸಿಗೆಯುದ್ದಕ್ಕೂ ಲೆಕ್ಕ ಹಾಕುವ ಸೀಮೆಯಲ್ಲಿ ‘ಮುಗಿಯಿತು’ ಎಂಬ ಪದಕ್ಕೆ ಬೇರೆಯೇ ಅರ್ಥವಿದೆ. ಆದರೂ ಈ ಅಳಲನ್ನು ನಕ್ಕು ಬದಿಗೆ ಸರಿಸುವಂತಿಲ್ಲ. ಇದೇ ಆಟಿಕೆ ವ್ಯಾಪಾರದ ಬೇಡಿಕೆಯನ್ನು ನಂಬಿ ಕೊಪ್ಪಳದ 400 ಎಕರೆ ನೆಲದಲ್ಲಿ ಕಾರ್ಖಾನೆಗಳ ಸಮುಚ್ಚಯವನ್ನು ಯೋಜಿಸಲಾಗಿದೆ. ಇದೇ ಬೇಡಿಕೆಯ ಕನಸನ್ನು ಚನ್ನಪಟ್ಟಣ, ಕಿನ್ನಾಳ, ಸಾಗರಗಳ ಕುಶಲಕರ್ಮಿಗಳಿಗೂ ತೋರಿಸಲಾಗುತ್ತಿದೆ. ಬೇಡಿಕೆ ಎಂಬುದು ಹೇಗೆ ಹುಟ್ಟುತ್ತದೆ, ಹೇಗೆ ಆರುತ್ತದೆ, ಆರಿದ ಮೇಲೆ ಉಳಿದ ಬೂದಿ ಯಾರ ಅಂಗಳದಲ್ಲಿ ಬೀಳುತ್ತದೆ ಎಂಬುದನ್ನು ಪರೀಕ್ಷಿಸದೆ ಅದನ್ನು ಒಪ್ಪಿಕೊಳ್ಳುವುದು ಮಲೆನಾಡಿನವರಿಗೂ ಬಯಲುಸೀಮೆಯವರಿಗೂ ಸಲ್ಲದ ಔದಾರ್ಯ.

ಮೊದಲು ಈ ಗೊಂಬೆ ಯಾವುದೆಂದು ತಿಳಿಯಬೇಕು. ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಅಂಗಡಿಸಾಲಿನಲ್ಲಿ ತೂಗುಬಿಟ್ಟ ಪ್ಲಾಸ್ಟಿಕ್ ವೀರನಲ್ಲ ಇದು. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ‘ಜಿ.ಐ. ಜೋ’ ಎಂಬ ಸೈನಿಕನ ಗೊಂಬೆಯನ್ನು ಹೊರತಂದಾಗ, ಗಂಡುಹುಡುಗರು ‘ಗೊಂಬೆ’ಯೊಂದಿಗೆ ಆಡಲು ನಾಚುತ್ತಾರೆಂದು ಅದಕ್ಕೆ ‘ಆಕ್ಷನ್ ಫಿಗರ್’ ಎಂಬ ಹೊಸ ಹೆಸರಿಟ್ಟಿತು. ವಸ್ತುವನ್ನು ಬದಲಿಸದೆ ಹೆಸರು ಬದಲಿಸಿ ಮಾರುವ ವಿದ್ಯೆ ಅಲ್ಲಿಂದಲೇ ಈ ವ್ಯಾಪಾರದ ರಕ್ತದಲ್ಲಿದೆ. ಮುಂದೆ ಆ ಹುಡುಗರು ಬೆಳೆದು ಸಂಬಳಗಾರರಾದರು. ಅವರ ಬಾಲ್ಯದ ನೆನಪನ್ನು ಮತ್ತೊಮ್ಮೆ ಮಾರುವ ಕಂಪನಿಗಳು ತಲೆಯೆತ್ತಿದವು. 1994ರಲ್ಲಿ ಕ್ಯಾಲಿಫೋರ್ನಿಯಾದ ಸೈಡ್‌ಶೋ, 2000ದಲ್ಲಿ ಹಾಂಗ್‌ಕಾಂಗಿನ ಹಾಟ್ ಟಾಯ್ಸ್ ಹುಟ್ಟಿದವು. ಮನುಷ್ಯನ ಆರನೆಯ ಒಂದು ಅಳತೆಯ, ಅಂದರೆ ಸುಮಾರು ಒಂದು ಅಡಿ ಎತ್ತರದ, ಸಿನಿಮಾ ನಟನ ಮುಖವನ್ನು ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದಂತೆ ಹೋಲುವ ಗೊಂಬೆಗಳಿವು. ಕೈಯಲ್ಲಿ ಹಿಡಿದು ಆಡುವ ಮಕ್ಕಳಿಗಾಗಿ ಮಾಡಿದವಲ್ಲ. ಗಾಜಿನ ಕಪಾಟಿನಲ್ಲಿಟ್ಟು ನೋಡುವ ದೊಡ್ಡವರಿಗಾಗಿ ಮಾಡಿದವು.

ಬೆಲೆಯ ಮಾತು ಬಂದರೆ ಹಳ್ಳಿಯವರ ಎದೆ ಧಸಕ್ಕೆನ್ನುತ್ತದೆ. ಹದಿನೈದು ವರ್ಷಗಳ ಹಿಂದೆ ಸುಮಾರು 150 ರಿಂದ 200 ಡಾಲರಿಗೆ ದೊರೆಯುತ್ತಿದ್ದ ಇಂಥ ಗೊಂಬೆಯ ಬೆಲೆ ಈಗ 280 ಡಾಲರಿನ ಆಸುಪಾಸಿನಲ್ಲಿದೆ. ಮುನ್ನೂರು, ನಾನೂರು ದಾಟಿದವೂ ಇವೆ. ಭಾರತವು ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಆ ಲೆಕ್ಕದಲ್ಲಿ ಬೆಂಗಳೂರಿನ ಸಂಗ್ರಾಹಕನೊಬ್ಬನ ಕೈಗೆ ಒಂದು ಗೊಂಬೆ ಬರುವಷ್ಟರಲ್ಲಿ 40,000 ರೂಪಾಯಿ ದಾಟುವುದು ಸುಲಭ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಖಾತರಿಯ 100 ದಿನವೂ ಗುದ್ದಲಿ ಹಿಡಿದ ಕುಟುಂಬಕ್ಕೆ ಸಿಗುತ್ತಿದ್ದುದು 37,000. ಒಂದು ಅಡಿಯ ಗೊಂಬೆಗೆ ಅದೂ ಸಾಲದು.

ಗೊಂಬೆಗಳು ಏಕೆ ಖಾಲಿಯಾಗುತ್ತಿಲ್ಲ ಎಂಬ ಪ್ರಶ್ನೆಗೆ ವ್ಯಾಪಾರದವರು ಎರಡು ಸಿದ್ಧ ಉತ್ತರಗಳನ್ನು ಕೊಡುತ್ತಾರೆ. ಜನರ ಕೈಯಲ್ಲಿ ದುಡ್ಡಿಲ್ಲ ಎಂಬುದು ಒಂದು. ಸಿನಿಮಾ ವೀರರ ಮೇಲೆ ಜನರಿಗಿದ್ದ ವ್ಯಾಮೋಹ ತಗ್ಗಿದೆ ಎಂಬುದು ಇನ್ನೊಂದು. ಎರಡರಲ್ಲೂ ಒಂದಿಷ್ಟು ನಿಜವಿದೆ. ಕೊರೊನಾದ 2020 ಮತ್ತು 2021ರಲ್ಲಿ ಮನೆಯೊಳಗೆ ಸಿಲುಕಿದ ಶ್ರೀಮಂತ ದೇಶಗಳ ಜನ ಪ್ರವಾಸದ ಹಣವನ್ನು ಆಟಿಕೆಗಳ ಮೇಲೆ ಸುರಿದರು. ಬಾಗಿಲು ತೆರೆದ ಮೇಲೆ ಆ ಹಣ ಬೇರೆಡೆಗೆ ಹರಿಯಿತು. 2023ರಲ್ಲಿ ಅಮೆರಿಕದ ಆಟಿಕೆ ಮಾರಾಟ ಹಿಂದಿನ ವರ್ಷಕ್ಕಿಂತ ಶೇಕಡ 8ರಷ್ಟು ಕುಸಿಯಿತು. ಆದರೆ ಈ ಎರಡು ಉತ್ತರಗಳೂ ಒಂದು ಮುಖ್ಯ ಸಂಗತಿಯನ್ನು ಮರೆಮಾಚುತ್ತವೆ. ಈ ಗೊಂಬೆಗಳು ಹಿಂದೆ ಕ್ಷಣಮಾತ್ರದಲ್ಲಿ ‘ಖಾಲಿ’ಯಾಗುತ್ತಿದ್ದವಲ್ಲ, ಆ ಖಾಲಿಯೇ ಬಹುಪಾಲು ಕೃತಕವಾದದ್ದು. ಇಲ್ಲದ ಕೊರತೆಯನ್ನು ಇದೆಯೆಂದು ನಂಬಿಸಿ ಮಾರಿದವರು, ಆ ನಂಬಿಕೆ ಸವೆದಾಗ ಕೊಳ್ಳುವವನ ಮೇಲೆ ದೂರು ಹೊರಿಸುತ್ತಿದ್ದಾರೆ.

ನಿಜವಾದ ಕೊರತೆ ಹೇಗಿರುತ್ತದೆ ಎಂಬುದಕ್ಕೆ ಇದೇ ವ್ಯಾಪಾರದ ಇತಿಹಾಸದಲ್ಲೊಂದು ಸ್ವಾರಸ್ಯಕರ ನಿದರ್ಶನವಿದೆ. 1977ರಲ್ಲಿ ‘ಸ್ಟಾರ್ ವಾರ್ಸ್’ ಚಿತ್ರ ಬಿಡುಗಡೆಯಾದಾಗ ಅದರ ಗೊಂಬೆಗಳ ಹಕ್ಕು ಪಡೆದಿದ್ದ ಕೆನ್ನರ್ ಕಂಪನಿಗೆ ಅಷ್ಟು ಜನಪ್ರಿಯತೆಯ ನಿರೀಕ್ಷೆ ಇರಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಗೊಂಬೆಗಳು ಸಿದ್ಧವಾಗಲಿಲ್ಲ. ಆಗ ಕಂಪನಿ ಗೊಂಬೆಯಿಲ್ಲದ ಲಕೋಟೆಯನ್ನೇ ಮಾರಿತು. ಅದರೊಳಗಿನ ಚೀಟಿಯನ್ನು ಅಂಚೆಯಲ್ಲಿ ಕಳಿಸಿದವರಿಗೆ 1978ರಲ್ಲಿ ಗೊಂಬೆಗಳು ತಲುಪಿದವು. ಇದು ಸರಕು ನಿಜವಾಗಿಯೂ ಇಲ್ಲದ ಸ್ಥಿತಿ. ದಾವಣಗೆರೆಯ ಬೆಣ್ಣೆದೋಸೆ ಅಂಗಡಿಯವನು ಹಿಟ್ಟು ಮುಗಿದ ಮೇಲೆ ಕಾವಲಿ ಆರಿಸಿದರೆ ಅದರಲ್ಲಿ ತಂತ್ರವೇನಿಲ್ಲ. ರುಬ್ಬಿದ್ದು ಅಷ್ಟು, ಮಾರಿದ್ದು ಅಷ್ಟು. ಹಿಟ್ಟನ್ನು ಒಳಗೆ ಬಚ್ಚಿಟ್ಟು ‘ಮುಗಿಯಿತು’ ಎಂದು ಫಲಕ ತೂಗಿಸಿ, ಮರುದಿನ ದೋಸೆಯ ಬೆಲೆಯನ್ನು ಇಮ್ಮಡಿ ಮಾಡುವವನನ್ನು ಊರು ಬೇರೆ ಹೆಸರಿನಿಂದ ಕರೆಯುತ್ತದೆ. ಅದೇ ಕೆಲಸವನ್ನು ಬಹುರಾಷ್ಟ್ರೀಯ ಕಂಪನಿ ಮಾಡಿದಾಗ ಅದಕ್ಕೆ ‘ಲಿಮಿಟೆಡ್ ಎಡಿಷನ್’ ಎಂಬ ಗೌರವದ ಹೆಸರು.

ಅಮೆರಿಕದ ಟೈ ಕಂಪನಿ 1993ರಲ್ಲಿ ಆರಂಭಿಸಿದ ‘ಬೀನಿ ಬೇಬಿ’ ಎಂಬ ಪುಟ್ಟ ಬಟ್ಟೆಗೊಂಬೆಗಳ ಕಥೆ ಈ ವಿದ್ಯೆಯ ಪಾಠಪುಸ್ತಕ. ಐದು ಡಾಲರಿನ ಗೊಂಬೆ. ಕಂಪನಿ ಆಗಾಗ ಒಂದೊಂದು ಗೊಂಬೆಯನ್ನು ‘ನಿವೃತ್ತ’ಗೊಳಿಸಿದೆನೆಂದು ಸಾರುತ್ತಿತ್ತು, ಸಾರಿದೊಡನೆ ಅದರ ಮರುಮಾರಾಟದ ಬೆಲೆ ಏರುತ್ತಿತ್ತು. ಜನ ಅದನ್ನು ಮಕ್ಕಳ ಕಾಲೇಜು ಖರ್ಚಿಗೆ ಹೂಡಿಕೆಯೆಂದು ಕೊಂಡು ಪೆಟ್ಟಿಗೆಗಳಲ್ಲಿ ತುಂಬಿದರು. 1999ರಲ್ಲಿ ಲಾಸ್ ವೇಗಾಸ್‌ನ ನ್ಯಾಯಾಲಯವೊಂದರಲ್ಲಿ ವಿಚ್ಛೇದನ ಪಡೆದ ದಂಪತಿ ನ್ಯಾಯಾಧೀಶರೆದುರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಆ ಗೊಂಬೆಗಳನ್ನು ಒಂದೊಂದಾಗಿ ಪಾಲು ಮಾಡಿಕೊಂಡ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ವರ್ಷ ಕಂಪನಿ ಎಲ್ಲ ಗೊಂಬೆಗಳನ್ನೂ ನಿಲ್ಲಿಸುವುದಾಗಿ ಹೇಳಿತು. ಜನ ಇನ್ನಷ್ಟು ಕೊಳ್ಳಲಿ ಎಂಬ ಎಣಿಕೆಯಿದ್ದಿರಬೇಕು. ಆದರೆ ಅಷ್ಟರಲ್ಲಿ ಪ್ರತಿ ಮನೆಯ ಅಟ್ಟದಲ್ಲೂ ಅವೇ ತುಂಬಿದ್ದವು. ಬೆಲೆ ನೆಲಕಚ್ಚಿತು.

ಈ ಕಥೆಯನ್ನು ಅರ್ಥಮಾಡಿಕೊಳ್ಳಲು ಮಲೆನಾಡಿನವರು ಲಾಸ್ ವೇಗಾಸಿಗೆ ಹೋಗಬೇಕಾಗಿಲ್ಲ. ವೆನಿಲ್ಲಾ ಬಳ್ಳಿಯನ್ನು ನೆನೆದರೆ ಸಾಕು. ಮಡಗಾಸ್ಕರ್ ದ್ವೀಪದಲ್ಲಿ 2000ದಲ್ಲಿ ಬೀಸಿದ ಚಂಡಮಾರುತದಿಂದ ಅಲ್ಲಿನ ತೋಟಗಳು ನಾಶವಾಗಿ ಜಗತ್ತಿನಲ್ಲಿ ವೆನಿಲ್ಲಾದ ಕೊರತೆ ಉಂಟಾಯಿತು. ಅದು ನಿಜವಾದ ಕೊರತೆಯೇ. 2003ರ ಹೊತ್ತಿಗೆ ಶಿರಸಿ, ಸಾಗರ, ತೀರ್ಥಹಳ್ಳಿ, ಪುತ್ತೂರುಗಳ ತೋಟಗಳಲ್ಲಿ ಹಸಿಕೋಡಿನ ಬೆಲೆ ಕಿಲೋಗೆ ಮೂರು ಸಾವಿರ ರೂಪಾಯಿಯ ಆಸುಪಾಸಿಗೆ ಏರಿತು. ಅಡಿಕೆ ತೋಟದ ನೆರಳಿನಲ್ಲೆಲ್ಲ ವೆನಿಲ್ಲಾ ಬಳ್ಳಿ ಹಬ್ಬಿತು. ಮನೆಮಂದಿಯೆಲ್ಲ ಬೆಳಗ್ಗೆ ಎದ್ದು ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡಿದರು. ಕಳ್ಳರ ಭಯದಿಂದ ರಾತ್ರಿ ಪಹರೆ ಕೂತರು, ನಾಯಿ ಸಾಕಿದರು. ಆದರೆ ಆ ದಿನಗಳಲ್ಲಿ ನಿಶ್ಚಿಂತೆಯಿಂದ ಲಾಭ ಮಾಡಿದವರು ಯಾರು? ಕೋಡು ಮಾರಿದವರಿಗಿಂತ ಬಳ್ಳಿಯ ತುಂಡು ಮಾರಿದವರು. ಕೊಳ್ಳುವವನು ಕೋಡು ತಿನ್ನಲೆಂದು ಬಳ್ಳಿ ಕೊಳ್ಳಲಿಲ್ಲ, ಐಸ್‌ಕ್ರೀಂ ಮಾಡಲೆಂದೂ ಕೊಳ್ಳಲಿಲ್ಲ. ತನ್ನ ಹಿಂದೆ ಇನ್ನೊಬ್ಬ ಕೊಳ್ಳುವವನು ನಿಂತಿದ್ದಾನೆಂಬ ನಂಬಿಕೆಯಿಂದ ಕೊಂಡ. ಎರಡೇ ವರ್ಷಗಳಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತು, ಕಾರ್ಖಾನೆಗಳು ಕೃತಕ ವೆನಿಲಿನ್‌ಗೆ ಹೊರಳಿದವು, ಹಸಿಕೋಡಿನ ಬೆಲೆ ನೂರರ ಆಸುಪಾಸಿಗೆ ಇಳಿಯಿತು. ಪಹರೆಯ ನಾಯಿಗಳು ಅಡಿಕೆ ಕಾಯಲು ಹೋದವು.

ದುಬಾರಿ ಗೊಂಬೆಗಳ ಸಾಲಿನಲ್ಲೂ ಬಳ್ಳಿತುಂಡಿನ ವ್ಯಾಪಾರಿಗಳೇ ಹೆಚ್ಚಿದ್ದರು. ಮಾರಾಟ ಆರಂಭವಾದ ನಿಮಿಷದಲ್ಲೇ ಹತ್ತಾರು ಗೊಂಬೆಗಳನ್ನು ಒಬ್ಬನೇ ಕಾಯ್ದಿರಿಸಿ, ಮರುದಿನ ಇಮ್ಮಡಿ ಬೆಲೆಗೆ ಮಾರುವವರು. ಅಂಥವನೊಬ್ಬ ಹತ್ತು ಗೊಂಬೆ ಕೊಂಡರೆ ಕಂಪನಿಯ ಲೆಕ್ಕಪುಸ್ತಕದಲ್ಲಿ ಹತ್ತು ಅಭಿಮಾನಿಗಳು ದಾಖಲಾಗುತ್ತಾರೆ. ಆ ಹತ್ತನ್ನು ಅವನು ಮರಳಿ ಮಾರುವವರೆಗೆ ನಿಜವಾದ ಅಭಿಮಾನಿಗಳೂ ಕಾಯುತ್ತಾ ಇರುತ್ತಾರೆ. ಹೀಗೆ ಒಂದೇ ಬೇಡಿಕೆ ಎರಡೆರಡು ಬಾರಿ ಎಣಿಕೆಯಾಗುತ್ತದೆ. ಈ ಲೆಕ್ಕವನ್ನು ನಂಬಿದ ಕಂಪನಿ ಮುಂದಿನ ಬಾರಿ ಹೆಚ್ಚು ತಯಾರಿಸುತ್ತದೆ. ಹೆಚ್ಚು ತಯಾರಿಸಿದೊಡನೆ ಮರುಮಾರಾಟದ ಲಾಭ ಕರಗುತ್ತದೆ. ಲಾಭ ಕರಗಿದೊಡನೆ ಆ ಹತ್ತು ‘ಅಭಿಮಾನಿ’ಗಳೂ ಒಟ್ಟಿಗೆ ಮಾಯವಾಗುತ್ತಾರೆ. ಆಗ ಗೋದಾಮಿನಲ್ಲಿ ಸರಕು ಉಳಿಯುತ್ತದೆ. 2025ರ ಬೇಸಿಗೆಯಲ್ಲಿ ಕಾಲೇಜು ವಿದ್ಯಾರ್ಥಿಗಳ ಚೀಲಗಳಲ್ಲಿ ತೂಗಾಡತೊಡಗಿದ ‘ಲಬೂಬು’ ಎಂಬ ಹಲ್ಲುಕಿರಿಯುವ ಗೊಂಬೆಯ ವಿಷಯದಲ್ಲಿ ಇದು ಎಲ್ಲರ ಕಣ್ಣೆದುರೇ ನಡೆಯಿತು. ಅದರ ಒಡೆಯನಾದ ಪಾಪ್ ಮಾರ್ಟ್ ಕಂಪನಿ ಜೂನ್ ತಿಂಗಳಲ್ಲಿ ಚೀನಾದಲ್ಲಿ ಒಮ್ಮೆಲೇ ದೊಡ್ಡ ಪ್ರಮಾಣದ ಸರಕನ್ನು ಬಿಡುಗಡೆ ಮಾಡಿತು. ಕೆಲವೇ ದಿನಗಳಲ್ಲಿ ಅಲ್ಲಿನ ಕಾಳಸಂತೆಯ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಗೊಂಬೆ ಅದೇ, ಅದರ ಹಲ್ಲೂ ಅಷ್ಟೇ. ಇಳಿದದ್ದು ನಾಳೆ ಸಿಗದು ಎಂಬ ಭಯ ಮಾತ್ರ.

ಕಂಪನಿಗಳಿಗೂ ಇದು ತಿಳಿಯದ ಸಂಗತಿಯಲ್ಲ. ಆದ್ದರಿಂದಲೇ ಅವು ಈಗ ಬೇರೆ ದಾರಿ ಹಿಡಿದಿವೆ. ಗೊಂಬೆಯ ಚಿತ್ರವನ್ನಷ್ಟೇ ತೋರಿಸಿ ವರ್ಷದ ಮೊದಲೇ ಮುಂಗಡ ಪಡೆಯುವುದು, ಕಂತುಗಳಲ್ಲಿ ಹಣ ಕೀಳುವುದು, ಬಂದ ಆದೇಶಕ್ಕೆ ತಕ್ಕಷ್ಟು ತಯಾರಿಸುವುದು. ಹ್ಯಾಸ್‌ಬ್ರೋ 2018ರಲ್ಲಿ ‘ಹ್ಯಾಸ್‌ಲ್ಯಾಬ್’ ಎಂಬ ವ್ಯವಸ್ಥೆಯನ್ನೇ ಆರಂಭಿಸಿತು. ಇಂತಿಷ್ಟು ಜನ ಮುಂದೆ ಬಂದರೆ ಮಾತ್ರ ತಯಾರಿ. ಮೊದಲ ಪ್ರಯೋಗವಾದ 500 ಡಾಲರಿನ ಹಡಗಿಗೆ 5,000 ಜನ ಬೇಕಿತ್ತು, ಅದಕ್ಕೂ ಮಿಕ್ಕಿ ಜನ ಬಂದರು. 2021ರ ಕೊನೆಯಲ್ಲಿ 350 ಡಾಲರಿನ ‘ರ‍್ಯಾಂಕರ್’ ಎಂಬ ದೈತ್ಯಪ್ರಾಣಿಗೆ 9,000 ಜನರನ್ನು ಕೇಳಿತು. ಅಷ್ಟು ಜನ ಬರಲಿಲ್ಲ, ಪ್ರಾಣಿ ಹುಟ್ಟಲೇ ಇಲ್ಲ. ಆದೇಶಕ್ಕೆ ತಕ್ಕಂತೆ ತಯಾರಿಸುವಲ್ಲಿ ‘ಖಾಲಿಯಾಯಿತು’ ಎಂಬ ಮಾತಿಗೇ ಅರ್ಥವಿರುವುದಿಲ್ಲ. ನ್ಯಾಯವಾಗಿ ನೋಡಿದರೆ ಇದು ಹಿಂದಿನದಕ್ಕಿಂತ ಮೇಲು. ಹುಟ್ಟದ ಪ್ರಾಣಿ ಕಸದ ಗುಂಡಿಗೆ ಬೀಳುವುದಿಲ್ಲ. ಇಷ್ಟನ್ನು ಒಪ್ಪಿಕೊಳ್ಳಲು ಯಾವ ಪರಿಸರವಾದಿಯೂ ಹಿಂಜರಿಯಬೇಕಾಗಿಲ್ಲ.

ಇನ್ನೊಂದು ಕಾರಣವನ್ನು ವ್ಯಾಪಾರದವರು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ: ಈ ವಸ್ತು ಬಾಳುವುದಿಲ್ಲ. ನಲವತ್ತು ಸಾವಿರದ ಗೊಂಬೆ ತೊಡುವ ಚರ್ಮದಂಥ ಅಂಗಿ ಬಹುಪಾಲು ಚರ್ಮವಲ್ಲ, ಬಟ್ಟೆಯ ಮೇಲೆ ಬಳಿದ ಪಾಲಿಯುರಿಥೇನ್ ಪದರ. ಗಾಳಿಯ ತೇವಾಂಶದೊಂದಿಗೆ ಅದರ ಅಣುಬಂಧಗಳು ಕ್ರಮೇಣ ಮುರಿಯುತ್ತವೆ. ಕೆಲವೇ ವರ್ಷಗಳಲ್ಲಿ ಪದರ ಬಿರುಕುಬಿಟ್ಟು ಹೊಟ್ಟಿನಂತೆ ಉದುರುತ್ತದೆ. ಪೆಟ್ಟಿಗೆಯನ್ನು ತೆರೆಯದೆ ಇಟ್ಟರೂ ಉದುರುತ್ತದೆ. ಮೃದುವಾದ ಪಿ.ವಿ.ಸಿ. ಭಾಗಗಳಿಂದ ಅದನ್ನು ಮೆದುಗೊಳಿಸಲು ಬೆರೆಸಿದ ಥ್ಯಾಲೇಟ್‌ನಂಥ ರಾಸಾಯನಿಕ ಜಿನುಗಿ ಮೈ ಅಂಟಂಟಾಗುತ್ತದೆ. ಆಟಿಕೆಗಳಲ್ಲಿನ ಇದೇ ಥ್ಯಾಲೇಟ್‌ಗಳ ಬಗ್ಗೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2010ರಲ್ಲೇ ಎಚ್ಚರಿಸಿತ್ತು. ಆಷಾಢ ಶ್ರಾವಣಗಳಲ್ಲಿ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ಆಗುಂಬೆ, ಹೊಸನಗರಗಳ ಮನೆಯಲ್ಲಿ ಇಂಥ ‘ಹೂಡಿಕೆ’ಯ ಗತಿ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ಮೊದಲ ತಲೆಮಾರಿನ ಸಂಗ್ರಾಹಕರ ಕಪಾಟುಗಳಲ್ಲಿ ಈಗ ಈ ಹೊಟ್ಟು ಉದುರುತ್ತಿದೆ. ಜೊತೆಗೆ ಕಪಾಟಿನಲ್ಲಿ ಜಾಗವೂ ಇಲ್ಲ. ಅದೇ ವೀರನ ಅದೇ ಉಡುಪಿನ ಮೂರನೆಯ ಪರಿಷ್ಕೃತ ಆವೃತ್ತಿ ಬಂದಾಗ, ಮೊದಲನೆಯದನ್ನು ಅಪರೂಪದ್ದೆಂದು ನಂಬಿ ಕೊಂಡವನು ಕೈಕಟ್ಟಿ ನಿಂತರೆ ಅವನನ್ನು ನಿಷ್ಠೆಯಿಲ್ಲದವನು ಎನ್ನಲಾದೀತೇ?

ಉಳಿದ ಸರಕು ಎಲ್ಲಿಗೆ ಹೋಗುತ್ತದೆ? ಪ್ರಶ್ನೆಯ ಬೇರು ಇಲ್ಲಿದೆ. ದೊಡ್ಡತಲೆಯ ಪುಟ್ಟ ವಿನೈಲ್ ಗೊಂಬೆಗಳಿಗೆ ಹೆಸರಾದ ಅಮೆರಿಕದ ಫಂಕೊ ಕಂಪನಿ 2022ರ ಕೊನೆಗೆ 24 ಕೋಟಿ ಡಾಲರಿಗೂ ಮಿಕ್ಕಿದ ದಾಸ್ತಾನನ್ನು ಹೊತ್ತು ಕುಳಿತಿತ್ತು. ಗೋದಾಮು ತುಂಬಿ ಹೊರಗೆ ಕಂಟೇನರುಗಳನ್ನು ಬಾಡಿಗೆಗೆ ಪಡೆಯಬೇಕಾಗಿತ್ತು. 2023ರ ಮಾರ್ಚ್‌ನಲ್ಲಿ ಕಂಪನಿ ತನ್ನ ಷೇರುದಾರರೆದುರು ಯಾವ ಸಂಕೋಚವೂ ಇಲ್ಲದೆ ಹೇಳಿತು: 3 ರಿಂದ 3.6 ಕೋಟಿ ಡಾಲರ್ ಬೆಲೆಯ ಗೊಂಬೆಗಳನ್ನು ನಾಶಪಡಿಸಲಾಗುವುದು. ಅವನ್ನು ಇರಿಸಿಕೊಳ್ಳುವ ಖರ್ಚಿಗಿಂತ ಎಸೆಯುವ ಖರ್ಚು ಕಡಿಮೆ ಎಂಬುದೇ ಕಾರಣ. ರೂಪಾಯಿಯಲ್ಲಿ ಸುಮಾರು 250 ಕೋಟಿಯಿಂದ 300 ಕೋಟಿ. ಪೆಟ್ರೋಲಿಯಂ ತೆಗೆದು, ವಿನೈಲ್ ಮಾಡಿ, ಏಷ್ಯಾದ ಕಾರ್ಖಾನೆಗಳಲ್ಲಿ ಎರಕ ಹೊಯ್ದು, ಹೆಣ್ಣುಮಕ್ಕಳ ಕೈಯಲ್ಲಿ ಕಣ್ಣು ತುಟಿಗಳಿಗೆ ಬಣ್ಣ ಹಚ್ಚಿಸಿ, ಹಡಗಿನಲ್ಲಿ ಸಾಗರ ದಾಟಿಸಿ, ಒಂದು ಮಗುವಿನ ಕೈಯನ್ನೂ ಮುಟ್ಟದೆ ಗುಂಡಿಗೆ! ಹಂಚಬಹುದಿತ್ತಲ್ಲ ಎಂದು ಕೇಳುವವರು ಈ ವ್ಯಾಪಾರವನ್ನು ಅರ್ಥಮಾಡಿಕೊಂಡಿಲ್ಲ. ಹಂಚಿದರೆ ಉಳಿದ ಗೊಂಬೆಯ ‘ಅಪರೂಪ’ ಕೆಡುತ್ತದೆ. ಕೃತಕ ಕೊರತೆಯನ್ನು ಉಳಿಸಿಕೊಳ್ಳಲು ನಿಜವಾದ ವಸ್ತುವನ್ನು ಹೂಳಲೇಬೇಕು.

ಹರಿಹರದ ಹೊಳೆದಂಡೆಯವರಿಗೆ ಬೇಡಿಕೆಯ ಹೆಸರಿನಲ್ಲಿ ನಡೆಯುವ ವ್ಯವಹಾರ ಹೊಸದಲ್ಲ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಮರದ ತಿರುಳು ಬೇಕಿತ್ತು. ಆ ಬೇಡಿಕೆಗಾಗಿ 1984ರಲ್ಲಿ ಸರ್ಕಾರವೇ ಪಾಲುದಾರನಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಹುಟ್ಟುಹಾಕಿ, ಸುಮಾರು 30,000 ಹೆಕ್ಟೇರ್ ಗೋಮಾಳ ಮತ್ತು ಹಳ್ಳಿಗರ ಸಾಮುದಾಯಿಕ ಭೂಮಿಯನ್ನು ಅದಕ್ಕೆ ಒಪ್ಪಿಸಲು ಮುಂದಾಯಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಹಳ್ಳಿಗರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಮರಗಳ ಸಸಿಗಳನ್ನು ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಎಂದು ಹೆಸರಾದ ಆ ಸತ್ಯಾಗ್ರಹವೂ, ಸಮಾಜ ಪರಿವರ್ತನ ಸಮುದಾಯ ನಡೆಸಿದ ನ್ಯಾಯಾಲಯದ ಹೋರಾಟವೂ ಸೇರಿ 1991ರಲ್ಲಿ ಆ ಕಂಪನಿ ಮುಚ್ಚುವಂತಾಯಿತು. ಆಗಲೂ ‘ಬೇಡಿಕೆಯಿದೆ’ ಎಂಬುದೇ ವಾದವಾಗಿತ್ತು. ಯಾರ ಬೇಡಿಕೆ ಎಂದು ಕೇಳಿದ್ದೇ ಕುಸನೂರಿನವರು ಮಾಡಿದ ದೊಡ್ಡ ಕೆಲಸ.

ಈಗ ಅದೇ ಪ್ರಶ್ನೆಯನ್ನು ಕೊಪ್ಪಳದಲ್ಲಿ ಕೇಳಬೇಕಾಗಿದೆ. 2021ರ ಜನವರಿ 9ರಂದು ಭಾನಾಪುರದಲ್ಲಿ ದೇಶದ ಮೊದಲ ಆಟಿಕೆ ತಯಾರಿಕಾ ಸಮುಚ್ಚಯಕ್ಕೆ ಅಡಿಗಲ್ಲು ಬಿತ್ತು. 5,000 ಕೋಟಿ ರೂಪಾಯಿ ಬಂಡವಾಳ, 40,000 ಉದ್ಯೋಗ ಎಂದು ಘೋಷಿಸಲಾಯಿತು. ಬರದ ನಾಡಿನ ಯುವಕ ಯುವತಿಯರಿಗೆ ಕೆಲಸ ಸಿಗುವುದಾದರೆ ಅದನ್ನು ಹಳಿಯುವುದು ಅಪರಾಧ. ಗುಳೆ ಹೋಗುವ ಕುಟುಂಬಗಳ ಕಷ್ಟ ತಿಳಿದವರು ಕಾರ್ಖಾನೆ ಎಂದೊಡನೆ ಮೂಗು ಮುರಿಯಲಾರರು. ಆದರೆ ಆ ಕೆಲಸ ಯಾವ ಬೇಡಿಕೆಯ ಮೇಲೆ ನಿಂತಿದೆ? ಮಗು ಆಡುವ ಚೆಂಡು, ಗಾಡಿ, ಬಣ್ಣದ ಗಾಲಿಗಳ ಬೇಡಿಕೆಯ ಮೇಲೆ ನಿಂತರೆ ಅದು ಹೆಚ್ಚು ಕಾಲ ನಿಂತೀತು. ಮಕ್ಕಳು ಪ್ರತಿ ವರ್ಷ ಹುಟ್ಟುತ್ತಾರೆ, ಆಟಿಕೆಗಳು ಮುರಿಯುತ್ತವೆ. ಹೊರದೇಶದ ಸಿನಿಮಾ ಕಂಪನಿಗಳ ಪರವಾನಗಿ ಗೊಂಬೆಗಳ ಮೇಲೆ, ಊಹಾವ್ಯಾಪಾರಿಗಳ ಹುಚ್ಚಿನ ಮೇಲೆ ನಿಂತರೆ ಅದು ವೆನಿಲ್ಲಾ ಬಳ್ಳಿ. ಫಂಕೊ ಗೊಂಬೆಗಳನ್ನು ಗುಂಡಿಗೆ ಹಾಕಿದ ವರ್ಷದಲ್ಲಿ ಅವುಗಳನ್ನು ತಯಾರಿಸಿದ ಕೈಗಳಿಗೆ ಬರುವ ಆದೇಶವೂ ಕಡಿಮೆಯಾಗುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ವಿಪರ್ಯಾಸವೆಂದರೆ ಅದೇ ಕೊಪ್ಪಳ ಜಿಲ್ಲೆಯಲ್ಲೇ ಕಿನ್ನಾಳವಿದೆ. ಅಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಬಟ್ಟೆಯ ಪದರ ಹೊದಿಸಿ, ಬಣ್ಣ ಹಚ್ಚುವ ಗೊಂಬೆಗಳು ಪ್ಲಾಸ್ಟಿಕ್ ಹುಟ್ಟುವುದಕ್ಕಿಂತ ಹಿಂದಿನವು. ಚನ್ನಪಟ್ಟಣದ ಕೆಲಸವೂ ಹಾಗೆಯೇ. ಹಾಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸಿ, ತಿರುಗುವ ಯಂತ್ರಕ್ಕೆ ಕಟ್ಟಿ, ಅರಗಿನ ಕಡ್ಡಿಯನ್ನು ಒತ್ತಿದರೆ ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಅದರ ಮೇಲೆ ಕೇದಗೆ ಜಾತಿಯ ಗರಿಯಿಂದ ತಿಕ್ಕಿದರೆ ಹೊಳಪು. (ಈ ಹಾಲೆ, ಆಟಿ ಅಮಾವಾಸ್ಯೆಯಂದು ಕರಾವಳಿಯವರು ಕಷಾಯ ಕುಡಿಯುವ ಪಾಲೆಯಲ್ಲ, ಕುರುಚಲು ಕಾಡಿನಲ್ಲಿ ಬೆಳೆಯುವ, ಕಡಿದರೆ ಬುಡದಿಂದ ಮತ್ತೆ ಚಿಗುರುವ ಬೇರೆ ಮರ.) ಸಾಗರ, ಸೊರಬ, ಶಿರಸಿಗಳ ಗುಡಿಗಾರರ ಗಂಧದ ಕೆತ್ತನೆಯೂ ಇದೇ ಪಂಕ್ತಿಯದು.

ಇವರಿಗೆಲ್ಲ ಈಚೆಗೆ ಒಂದು ಉಪದೇಶ ದೊರೆಯುತ್ತಿದೆ: ನೀವೂ ಸಂಖ್ಯೆ ಹಾಕಿ, ‘ಲಿಮಿಟೆಡ್ ಎಡಿಷನ್’ ಎಂದು ಮಾರಿ, ಶ್ರೀಮಂತ ಸಂಗ್ರಾಹಕರನ್ನು ಹಿಡಿಯಿರಿ. ಈ ಉಪದೇಶ ಕೊಡುವವರು ಕೊರತೆಯೆಂದರೇನೆಂದು ಗುಡಿಗಾರರಿಗೇ ಕಲಿಸಹೊರಟಿದ್ದಾರೆ! ಶ್ರೀಗಂಧ ರಾಜವೃಕ್ಷವಾಗಿ, ಬಳಿಕ ಸರ್ಕಾರದ ಸೊತ್ತಾಗಿ, ಸ್ವಂತ ಹಿತ್ತಲಿನಲ್ಲಿ ಹುಟ್ಟಿದ ಗಂಧದ ಸಸಿಯನ್ನು ರೈತ ಪೊಲೀಸರ ಭಯದಿಂದ ಕಿತ್ತೆಸೆಯುವಂತಾಗಿ, ಕಳ್ಳಸಾಗಣೆಗೆ ಕಾಡು ಬರಿದಾದ ಮೇಲೆ 2001ರಲ್ಲಷ್ಟೇ ಕರ್ನಾಟಕದಲ್ಲಿ ಭೂಮಾಲೀಕನಿಗೆ ತನ್ನ ಗಂಧದ ಮರದ ಒಡೆತನ ಬಂತು. ಅಷ್ಟರಲ್ಲಿ ಕೆತ್ತುವವರು ಶಿವನಿಯಂಥ ಮರಗಳಿಗೆ ಹೊರಳಿದ್ದರು. ಇಲ್ಲಿ ಯಾರೂ ಕೊರತೆಯನ್ನು ರಟ್ಟಿನ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಲಿಲ್ಲ. ಮರ ಬೆಳೆಯಲು ಬೇಕಾದ ವರ್ಷಗಳೂ ಕೈ ಪಳಗಲು ಬೇಕಾದ ವರ್ಷಗಳೂ ಸೇರಿ ತಾನಾಗಿಯೇ ಮಿತಿಯನ್ನು ಹಾಕಿವೆ. ಗುಡಿಗಾರನ ಕೆತ್ತನೆ ಖಾಲಿಯಾಗುವುದೂ ಇಲ್ಲ, ಉಳಿಯುವುದೂ ಇಲ್ಲ, ಕೇಳಿದವರಿಗೆ ಕೆತ್ತಿಕೊಡುತ್ತಾನೆ. ಹ್ಯಾಸ್‌ಬ್ರೋ 2018ರಲ್ಲಿ ಕಂಡುಹಿಡಿದ ವ್ಯವಸ್ಥೆ ಸೊರಬದ ಕೇರಿಯಲ್ಲಿ ಅಜ್ಜಂದಿರ ಕಾಲದಿಂದ ಇದೆ.

ಸಂಗ್ರಹಿಸುವ ಆಸೆಯೇ ಕೆಟ್ಟದ್ದೆಂದು ಇಲ್ಲಿನ ವಾದವಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳೂ ಸಂಗ್ರಾಹಕರ ಮನೆಗಳೇ. ಮದುವೆಯಲ್ಲಿ ಬಂದ ಪಟ್ಟದ ರಾಜರಾಣಿಯರ ಜೋಡಿ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬಂದು, ಹೊಸ ಸೀರೆಯುಟ್ಟು, ಕೇರಿಯ ಮಕ್ಕಳಿಗೆಲ್ಲ ಬೊಂಬೆಬಾಗಿನ ಕೊಡಿಸಿ ಒಳಗೆ ಹೋಗುತ್ತದೆ. ಅದರ ಮರುಮಾರಾಟದ ಬೆಲೆ ಎಷ್ಟೆಂದು ಯಾವ ಅಜ್ಜಿಯೂ ವಿಚಾರಿಸಿದ್ದಿಲ್ಲ. ಹಾಗೆಯೇ ಆರನೆಯ ಒಂದು ಅಳತೆಯ ಮುಖವೊಂದಕ್ಕೆ ಸೂಕ್ಷ್ಮವಾಗಿ ಬಣ್ಣ ಬಳಿಯುವ ಕೊರಿಯಾದ, ಚೀನಾದ ಕಲಾವಿದರ ಕೌಶಲ್ಯವೂ ಕೌಶಲ್ಯವೇ. ಆಕ್ಷೇಪವಿರುವುದು ಆ ಕೌಶಲ್ಯವನ್ನು ಏಳೆಂಟು ವರ್ಷಗಳಲ್ಲಿ ಹೊಟ್ಟಾಗುವ ಪದರಕ್ಕೆ ಕಟ್ಟಿಹಾಕಿ, ಆ ಪದರವನ್ನು ಆಸ್ತಿಯೆಂದು ಮಾರಿದ ವಂಚನೆಯ ಬಗ್ಗೆ. ಕೊಳ್ಳುವವರು ಈಗ ತಡೆದು ನಿಲ್ಲುತ್ತಿರುವುದು ಆ ವಂಚನೆಗೆ ದೊರೆತ ತಡವಾದ ಉತ್ತರ. ಅದನ್ನು ಮಾರುಕಟ್ಟೆಯ ರೋಗವೆಂದು ಬಗೆದು ಮದ್ದು ಹುಡುಕುವವರು, ಜ್ವರವಿಳಿದ ರೋಗಿಗೆ ಮತ್ತೆ ಜ್ವರ ಬರಿಸುವ ವೈದ್ಯರು.

ಕೊಪ್ಪಳದ ಸಮುಚ್ಚಯದ ವಿಷಯದಲ್ಲಿ ಸರ್ಕಾರ ಉತ್ತರಿಸಬೇಕಾದ ಒಂದು ನಿರ್ದಿಷ್ಟ ಪ್ರಶ್ನೆ ಉಳಿದಿದೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಿಗೆ ತಿದ್ದುಪಡಿ ತಂದು, ತಯಾರಕರೇ ತಮ್ಮ ಪ್ಲಾಸ್ಟಿಕ್ ಅನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ವಿವರವಾಗಿ ನಿಗದಿಪಡಿಸಿತು. ಆದರೆ ಆ ಹೊಣೆ ಬರೆದಿರುವುದು ಪ್ಯಾಕಿಂಗಿನ ಪ್ಲಾಸ್ಟಿಕ್ಕಿಗೆ. ಅದೇ ವರ್ಷದ ಜುಲೈ 1ರಿಂದ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಚಮಚ, ಸ್ಟ್ರಾ, ಕಿವಿಕಡ್ಡಿ, ಬಲೂನಿನ ಕೋಲುಗಳಿವೆ, ಆಟಿಕೆಯ ಹೆಸರಿಲ್ಲ. ಅಂದರೆ ಗೊಂಬೆಯನ್ನು ಸುತ್ತಿದ ಪಾರದರ್ಶಕ ಹೊದಿಕೆಗೆ ಒಬ್ಬ ಹೊಣೆಗಾರನಿದ್ದಾನೆ, ಒಳಗಿನ ಅರ್ಧ ಕಿಲೋ ಪಿ.ವಿ.ಸಿ. ಗೊಂಬೆಗೆ ಇಲ್ಲ. ಮಾರಾಟವಾಗದೆ ಉಳಿದ ಗೊಂಬೆಗಳನ್ನು ಭಾನಾಪುರದ ಕಾರ್ಖಾನೆಗಳು ಏನು ಮಾಡಬೇಕು, ಅದರ ವೆಚ್ಚ ಯಾರದು, ಯಾವ ಗ್ರಾಮ ಪಂಚಾಯಿತಿಯ ಗುಂಡಿಗೆ ಅವು ಬೀಳುತ್ತವೆ ಎಂಬುದನ್ನು ಜಮೀನು ಹಂಚಿಕೆಯ ಕರಾರಿನಲ್ಲೇ ಬರೆಸಿ ಪ್ರಕಟಿಸಬೇಕೆಂದು ಕೇಳುವ ಹಕ್ಕು ಅಲ್ಲಿನ ಗ್ರಾಮಸಭೆಗಿದೆ. ಕಿನ್ನಾಳದ ಮರಕ್ಕೆ, ಚನ್ನಪಟ್ಟಣದ ಹಾಲೆಗೆ, ಸಾಗರದ ಗಂಧಕ್ಕೆ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಎಷ್ಟು ಸಸಿ ಎಬ್ಬಿಸಲಾಗಿದೆ, ಎಷ್ಟು ಉಳಿದಿದೆ ಎಂಬ ಲೆಕ್ಕವನ್ನು ಅದೇ ಅರ್ಜಿಯಲ್ಲಿ ಸೇರಿಸಿ ಕೇಳಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ.